ಉಳಿದದ್ದು ಮೂರು

ದಕ್ಕೆಯಲ್ಲಿ ಹನ್ನೊಂದು ದಾಟಿದರೆ ಬಂಗುಡೆಯ ಬೆಲೆ ಇಳಿಯುತ್ತದೆ.
ಅದು ನನಗೆ ಗೊತ್ತಿರುವ ಲೆಕ್ಕ,
ಐಸ್ ಪ್ಲಾಂಟಿನಲ್ಲಿ ಹದಿನಾಲ್ಕು ವರ್ಷ ಬರೆದದ್ದು.
ಈ ಪುಸ್ತಕದ ಲೆಕ್ಕ ಬೇರೆ:
ನಿನ್ನೆ ಆರು ಸಾವಿರ, ಬೆಳಿಗ್ಗೆ ಎಂಟು,
ಎರಡು ಸಲ ನೋಡಿದ್ದೇ ತಪ್ಪಾಯಿತು,
ಮಧ್ಯಾಹ್ನಕ್ಕೆ ಹನ್ನೊಂದು ಸಾವಿರದ ನಾನೂರು.
ಕೂಗುವವರಿಲ್ಲ, ಬುಟ್ಟಿ ಇಲ್ಲ,
ಕಿವಿರು ಎತ್ತಿ ನೋಡುವ ಹಾಗಿಲ್ಲ.
'ಸ್ಥಿತಿ ಉತ್ತಮ, ಮೂಲೆ ಸ್ವಲ್ಪ ಮಡಚಿದೆ'
ಎಂದು ಬರೆದಿದ್ದಾನೆ ಮಾರುವವನು,
ಯಾವ ಊರಿನವನೋ, ಮನುಷ್ಯನೋ ಅಲ್ಲವೋ.

ಮೊದಲು ಅಗ್ಗದ್ದನ್ನೇ ತರಿಸಿದೆ,
ಕೇಳಿದವರಿಗಷ್ಟೇ ಅಚ್ಚು ಹಾಕಿ ಕೊಡುವಂಥದ್ದು.
ಕೊರಿಯರಿನ ಹುಡುಗ ಮೋರ್ಗನ್ಸ್ ಗೇಟಿನಿಂದ
ಮೂರು ಸಲ ಫೋನ್ ಮಾಡಿದ: "ಓಲು ಉಲ್ಲರ್?"
ಕವರು ಹರಿದರೆ ಹಸಿ ಅಂಟಿನ ವಾಸನೆ.
ಬರೆದವರು ಬರೆದು ಮೂವತ್ತು ವರ್ಷವಾಗಿದೆ;
ಕೊನೆಯ ಪುಟದ ತಳದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ,
ಅಚ್ಚಾದ ತಾರೀಕು
ನಾನು ದುಡ್ಡು ಕಟ್ಟಿದ ಮರುದಿನದ್ದು.
ಅಲ್ಲಿಯ ತನಕ ಇದು ಇರಲೇ ಇಲ್ಲ.
ಒಂದು ಡ್ರ್ಯಾಗನ್, ಹದಿನೇಳು ಮಂತ್ರ, ಮುಳುಗಿದ ಕೋಟೆ,
ಎಲ್ಲ ಯಾವುದೋ ಕಂಪ್ಯೂಟರಿನಲ್ಲಿ ನಿದ್ದೆ ಹೋಗಿದ್ದವು
ಜೆಪ್ಪುವಿನ ಒಬ್ಬ ಹೆಂಗಸು
ಒಟಿಪಿ ಒತ್ತುವವರೆಗೆ.

ಹೆಮ್ಮೆಪಟ್ಟೆ. ಆಮೇಲೆ ಪುಟ ಬಿಡಿಸಿದೆ.
ನಕ್ಷೆ ಪೂರ್ತಿ ಬೂದಿ. ನದಿ ಯಾವುದು, ದಾರಿ ಯಾವುದು?
ನಡುವಿನ ಮಡಿಕೆಯಲ್ಲಿ ಒಂದಿಡೀ ಪಟ್ಟಣ ಬಿದ್ದುಹೋಗಿತ್ತು.
ಎರಡನೇ ಶನಿವಾರವೇ
ಬೋಟಿನ ಎಂಜಿನ್ ಬಿಚ್ಚುವ ತಾರಾನಾಥ ಕರ್ಕೇರನಿಗೆ
ಹಾಳೆ ಕಿತ್ತು ಕೈಗೆ ಬಂತು.
"ಅಕ್ಕಾ, ನಿಮ್ಮ ಕೋಟೆ" ಎಂದ, ಮುಖ ಸಣ್ಣ ಮಾಡಿ.

ಹಾಗಾಗಿ ಎರಡನೆಯದು. ಹಳೆಯದು. ಬೋನಸ್ಸಿನ ದುಡ್ಡು.
ಬೆಲೆ ಯಾರಿಗೂ ಹೇಳಲಿಲ್ಲ.
ಅಮ್ಮನಿಗೆ ಆಫೀಸಿನ ಪುಸ್ತಕ ಎಂದೆ;
ಆಫೀಸಿಗೆ ಕೊಂಬಿನ ರಾಕ್ಷಸ ಯಾಕೆ ಎಂದು
ಅವರು ಕೇಳಲಿಲ್ಲ, ಪುಣ್ಯ.

ಬರಲು ಆರು ವಾರ. ಅಷ್ಟರಲ್ಲಿ ಬೋಟುಗಳೆಲ್ಲ ದಡಕ್ಕೆ,
ಮೀನುಗಾರಿಕೆಗೆ ರಜೆ, ಪ್ಲಾಂಟಿನಲ್ಲಿ
ಹನಿಯುವುದಕ್ಕೂ ಐಸ್ ಇಲ್ಲ.
ಕಸ್ಟಮ್ಸಿನ ಚೀಟಿ, ಅದರ ಮೇಲೊಂದು ಚೀಟಿ,
ಒಳಗೆ ಬೇರೆ ಯಾರದೋ ಮನೆಯ ಕಪಾಟಿನ ವಾಸನೆ.
ಎಪ್ಪತ್ತೆರಡನೇ ಪುಟದಲ್ಲಿ ಒಂದು ಮಡಚಿದ ಹಾಳೆ.

ಪೆನ್ಸಿಲ್ ಬರಹ. ಹೆಸರು ಒರ್ವೆನ್. ಕೆಲಸ, ದಾರಿ ತೋರುವವಳು.
ಚೀಲದಲ್ಲಿ ಐವತ್ತು ಅಡಿ ಹಗ್ಗ, ಎರಡು ದೀವಟಿಗೆ,
ಒಂದು ನೀರುಳ್ಳಿ.
ಜೀವ: ಇಪ್ಪತ್ತೆರಡು, ಅಳಿಸಿ ಹದಿನಾರು, ಅಳಿಸಿ ಒಂಬತ್ತು,
ಅಳಿಸಿ ಅಳಿಸಿ ಕಾಗದ ಬಟ್ಟೆಯಂತಾದ ಜಾಗದಲ್ಲಿ
ಮೂರು.
ಆಮೇಲೆ ಏನೂ ಇಲ್ಲ.
ಊಟಕ್ಕೆ ಕರೆದರೋ, ಪರೀಕ್ಷೆ ಬಂತೋ,
ಗೆಳೆಯರೊಳಗೆ ಜಗಳವಾಯಿತೋ.
ಸತ್ತಿದ್ದರೆ ಸೊನ್ನೆ ಬರೆಯುತ್ತಿದ್ದರು.
ನಾನು ಲೆಕ್ಕದವಳು, ನನಗೆ ಗೊತ್ತು:
ಸೊನ್ನೆ ಬರೆಯದ ಖಾತೆ ಮುಗಿದದ್ದಲ್ಲ.

ಶನಿವಾರ ಆ ಹಾಳೆಯನ್ನೂ ಟೇಬಲ್ಲಿಗೆ ಇಟ್ಟೆ.
ಗೊಂಬೆಗಳಿಗೆ ದುಡ್ಡಿಲ್ಲ ನಮ್ಮಲ್ಲಿ;
ಚೆನ್ನೆಮಣೆಯ ಮಂಜೊಟ್ಟಿ ಕಾಳುಗಳು ನಾವು,
ರಾಕ್ಷಸರೆಲ್ಲ ಹುಣಸೆ ಬೀಜ.
ನೈಟ್ ಡ್ಯೂಟಿ ಬದಲಿಸಿಕೊಂಡು ಬಂದ ಪ್ರೆಸಿಲ್ಲಾ
ಹಾಳೆ ಓದಿದಳು, ವಾರ್ಡಿನಲ್ಲಿ ಕೇಳುವ ದನಿಯಲ್ಲೇ
"ಮೂರಾ? ಯಾವಾಗಿಂದ?" ಎಂದಳು.
ಬಂದರಿನ ಹಫೀಝ್, ಮಸಾಲೆ ಅಂಗಡಿಯಲ್ಲಿ
ಒಂದು ಲವಂಗ ಹೆಚ್ಚು ಕೊಡದವ,
ತನಗೆಂದು ಮೂರು ವಾರ ಕಾಪಾಡಿದ್ದ ಗಾಯ ಮಾಯಿಸುವ ಮಂತ್ರ
ಅವಳಿಗೆ ಖರ್ಚು ಮಾಡಿದ.
ಎಂಟು ಮುಖದ ದಾಳ ಉರುಳಿ, ಸೋಡಾ ಬಾಟ್ಲಿಗೆ ತಾಗಿ,
ಒಂದಕ್ಕೆ ನಿಂತಿತು.

ಛೆ, ಎಂದರು ಎಲ್ಲರೂ.
ಮೂರನ್ನು ಅಳಿಸಲು ರಬ್ಬರ್ ಎತ್ತಿದೆ. ಕೈ ಬರಲಿಲ್ಲ.
ಪಕ್ಕದಲ್ಲೇ, ನನ್ನ ಐಸ್ ಪ್ಲಾಂಟಿನ ಅಕ್ಷರದಲ್ಲಿ,
ಕೂಡು ಒಂದು ಎಂದು ಬರೆದೆ.
ಕಾಳಿನ ಡಬ್ಬಿಯಿಂದ ಒಂದು ಕೆಂಪು ಮಂಜೊಟ್ಟಿ ಹೆಕ್ಕಿ
ಮುಳುಗಿದ ಕೋಟೆಯ ಬಾಗಿಲಲ್ಲಿ ಇಟ್ಟ ತಾರಾನಾಥ,
"ಆ ನೀರುಳ್ಳಿ" ಎಂದ,
"ಇಷ್ಟೊತ್ತಿಗೆ ಮೊಳಕೆ ಬಂದಿರಬೇಕಲ್ಲ ಅಕ್ಕ?"