ಎಂ-ಸ್ಯಾಂಡ್

ಕಾಮಾಕ್ಷಿಪಾಳ್ಯದ ಹಿಂದೆ, ಅರ್ಧಕ್ಕೆ ನಿಂತ ಕಟ್ಟಡದ ಮುಂದೆ
ಎರಡು ಲಾರಿ ಎಂ-ಸ್ಯಾಂಡ್ ಸುರಿದಿದೆ.
ಮಾರ್ಚ್, ಭಾನುವಾರ, ಬೆಳಿಗ್ಗೆ ಆರೂವರೆ.
ನಾವು ನಾಲ್ವರು ಅದರ ಮೇಲೆ ಹಿಮ ಕಲಿಯುತ್ತಿದ್ದೇವೆ.

ದೇಚಮ್ಮ ಮೇಡಂ ಹಳೇ ತಿಂಡಿ ಡಬ್ಬಿಯಲ್ಲಿ ಬೀಕನ್ ಇಟ್ಟು
ನಾವು ಬರುವ ಮೊದಲೇ ಹೂತಿದ್ದಾರೆ.
ಎಡಗಾಲಲ್ಲಿ ಎರಡು ಬೆರಳಿಲ್ಲ ಅವರಿಗೆ.
ಯಾವ ಬೆಟ್ಟ ತಿಂದಿತು ಎಂದರೆ
‘ನನ್ನ ಆತುರ’ ಅನ್ನುತ್ತಾರೆ, ಅಷ್ಟೆ.

‘ಚೈತ್ರದ ಹಿಮವನ್ನು ಗಡಿಯಾರ ನೋಡಿ ನಂಬಿ.
ರಾತ್ರಿ ಕಲ್ಲಾದದ್ದು ಹತ್ತು ಗಂಟೆಗೆ ಒಡೆದ ಮೊಸರು.
ಎರಡಕ್ಕೆ ಏಳಿ. ಬಿಸಿಲು ಇಳಿಜಾರು ಮುಟ್ಟುವಷ್ಟರಲ್ಲಿ ದಾಟಿ ಆಗಿರಲಿ.
ಒಬ್ಬರು ದಾಟುವಾಗ ಉಳಿದವರು ಕಣ್ಣು ಕೀಳಬೇಡಿ.
ಬೂಟು ಕಣಕಾಲಿನವರೆಗೆ ಹೂತರೆ ವಾಪಸ್.
ಮೇಲಿನಿಂದ ಲಾಡಿನ ಗಾತ್ರದ ಉಂಡೆಗಳು ಉರುಳಿ ಬಂದರೆ
ಫೋಟೋ ತೆಗೆಯುತ್ತಾ ನಿಲ್ಲಬೇಡಿ.
ಅದು ನಿಮಗೇ ಬರೆದ ಪತ್ರ.’

ಆರ್‌ಎಂಎಸ್‌ನಲ್ಲಿ ಇಪ್ಪತ್ತೇಳು ವರ್ಷ ಪತ್ರ ವಿಂಗಡಿಸಿದವನು ನಾನು.
ಮಳೆಗೆ ಅಳಿಸಿದ ವಿಳಾಸ ಯಾವ ಬಡಾವಣೆಯದೆಂದು ಹೇಳಬಲ್ಲೆ.
ಬೀಕನ್ನಿನ ಬಾಣ ಮಾತ್ರ ನನ್ನನ್ನು ಸುತ್ತಿಸಿ ಸುತ್ತಿಸಿ
ಪಕ್ಕದ ಜಲ್ಲಿ ಗುಡ್ಡೆಗೆ ಹತ್ತಿಸಿತು.

ಹದಿನೆಂಟು. ಒಂಬತ್ತು. ಹನ್ನೊಂದು. ಮತ್ತೆ ಒಂಬತ್ತು. ಎರಡು.
ಮಂಡಿಯೂರಿದೆ. ಅಲ್ತಾಫ್ ಉದ್ದನೆಯ ಕೋಲು ಚುಚ್ಚಿದ,
ಗೇಣಿಗೊಂದು, ಸುತ್ತು ಸುತ್ತಾಗಿ,
ಅಂಗಳಕ್ಕೆ ಚುಕ್ಕಿ ಇಟ್ಟ ಹಾಗೆ.
ಟಣ್ ಅಂದಿತು ಡಬ್ಬಿ.
ನಾನು ಅದರ ನೆತ್ತಿಯ ಮೇಲೇ ನಿಂತು ಸಲಿಕೆ ಹಾಕಿದೆ.
ತೆಗೆದಷ್ಟೂ ತುಂಬಿತು.

ಇಪ್ಪತ್ತೆರಡು ನಿಮಿಷ.
‘ಸತ್ತ,’ ಅಂದರು ದೇಚಮ್ಮ,
ಹಾಲು ಒಡೆಯಿತು ಅನ್ನುವ ದನಿಯಲ್ಲಿ.
‘ಹದಿನೈದರೊಳಗೆ. ಜಾರಿ ನಿಂತ ಹಿಮ ಕಾಂಕ್ರೀಟು.’

ತಗಡಿನ ಶೆಡ್ಡಿನ ಹೊಸ್ತಿಲಲ್ಲಿ ಹಲ್ಲುಪುಡಿ ಉಜ್ಜುತ್ತಿದ್ದ ದ್ಯಾವಮ್ಮ
ಆಗಿನಿಂದ ನಗುತ್ತಿದ್ದಳು. ಉಗಿದು ಬಂದಳು.
‘ಮ್ಯಾಲ ನಿಂತು ಅಗದ್ರ ಹೆಂಗ್ರೀ ಅಣ್ಣಾರ?
ನಿಮ್ಮ ಭಾರ ಅವನ ಎದಿ ಮ್ಯಾಲ ಅಲ್ಲೇನು?
ತೆಳಗಿಂದ ಬರ್ರಿ, ಅಡ್ಡ.
ಇಬ್ರು ಅಗೀರಿ, ಇಬ್ರು ಹಿಂದಕ್ಕ ಒಗೀರಿ.
ಕಾಲು ಸಿಕ್ರ ಬಿಡ್ರಿ. ಮೊದಲ ಮಾರಿ.’

ಮೇಡಂ ಪೆನ್ನು ನಿಂತಿತು. ‘ಎಲ್ಲಿ ಕಲಿತಿರಿ?’

‘ಕಲಿಯೋದೇನು ಬಂತು.
ಪೈಪಿನ ಗುಂಡಿ. ಸುಂಕದಕಟ್ಟಿ ಕಡಿ. ನನ್ನ ಮೈದುನ ಇಳದಿದ್ದ.
ಅಂಚಿನಾಗ ಬಿರುಕು ಬಿಟ್ಟಿತ್ತು, ನೋಡಿದ್ವಿ.
ಊಟ ಆಗ್ಲಿ, ಆಮ್ಯಾಲ ನೋಡೂಣು ಅಂದ್ವಿ.’

ಯಾರೂ ಕೇಳಲಿಲ್ಲ. ಅವಳೇ ಅಂದಳು:
‘ಅದಾನ. ದೀಪ ಆರಿಸಿ ಮಲಗಂಗಿಲ್ಲ.’

ಎರಡನೇ ಸಲ ಬಾಂಡ್ಲಿ ಹಿಡಿದು ಅವಳೂ ಬಂದಳು.
ಕೆಳಗಿನಿಂದ ಅಡ್ಡಕ್ಕೆ ಕೊರೆದೆವು. ಹನ್ನೊಂದು ನಿಮಿಷ.
ಡಬ್ಬಿಯ ಮುಚ್ಚಳ ತೆಗೆದು ಅವಳು ಮೊದಲು ಒಳಗೆ ಇಣುಕಿದಳು,
ಬೀಕನ್ ಕಂಡು ‘ಇಷ್ಟೇನಾ’ ಅಂದಳು.
ಅಷ್ಟರಲ್ಲಿ ಮೇಸ್ತ್ರಿ ಬಂದು ಚೆಲ್ಲಿದ ಮರಳಿಗೆ ಬೈದ.
ಗುಡ್ಡೆ ಮಾಡಿಕೊಟ್ಟು ಹೊರಟೆವು.

ಏಪ್ರಿಲ್ ಒಂಬತ್ತಕ್ಕೆ ಮನಾಲಿಯ ಬಸ್ಸು.
ಅಭ್ಯಾಸವಾಗಲಿ ಎಂದು ಅಂದು ರಾತ್ರಿ ಎರಡಕ್ಕೆ ಅಲಾರಂ ಇಟ್ಟೆ.
ಎದ್ದರೆ, ನೆಲ ಇನ್ನೂ ಹಗಲಿನ ಬಿಸಿ ಬಿಟ್ಟಿಲ್ಲ;
ಈ ಊರಲ್ಲಿ ಯಾವುದೂ ಹೆಪ್ಪುಗಟ್ಟುವುದಿಲ್ಲ.
ತಲೆಗೆ ಟಾರ್ಚು ಕಟ್ಟಿಕೊಂಡು ಕೆಳಗಿಳಿದೆ.
ನಮ್ಮ ಬೀದಿಯ ಕೊನೆಗೆ, ಒಂದು ಎಳೆ ಕೆಂಪು ಟೇಪು ಸುತ್ತಿ
ಕೇಬಲ್ಲಿನವರು ಆಳೆತ್ತರ ಅಗೆದು ಹೋಗಿದ್ದಾರೆ.
ಬೆಳಗಾದರೆ ಯಾರೋ ಇಳಿಯುತ್ತಾರೆ.

ಅಂಚಿನುದ್ದಕ್ಕೂ ಬೆಳಕು ಬಿಟ್ಟುಕೊಂಡು
ನಿಧಾನ ನಡೆದೆ.