ಎರಡು ಡಿಗ್ರಿ

ಮೀನು ಕೊಳೆಯುವುದು ತಲೆಯಿಂದ ಎನ್ನುವವರು
ಮೀನು ಕೊಯ್ದವರಲ್ಲ.
ಐಸ್‌ಲ್ಯಾಂಡಿನ ಪಡುವಣ ಮೂಲೆಯ ಈ ಕೊಲ್ಲಿಯಲ್ಲಿ
ಹದಿನಾಲ್ಕು ವರ್ಷ ಕಾಡ್ ಮೀನು ಸೀಳಿದ ಕೈ ಹೇಳುತ್ತದೆ, ಕೇಳಿ:
ಮೊದಲು ಹಳಸುವುದು ಹೊಟ್ಟೆ.
ಹೊಟ್ಟೆಯ ಮಾತು ಆಮೇಲೆ.

ಮೊದಲು ಸ್ಟೇನ್‌ಗ್ರಿಮುರ್.
ಕೆಟ್ಟವನಲ್ಲ. ಬೈದದ್ದು ನೆನಪಿಲ್ಲ.
ಒಬ್ಬೊಬ್ಬರ ಹುಟ್ಟುಹಬ್ಬಕ್ಕೂ ಕೇಕು ತರುತ್ತಿದ್ದ,
ನಮ್ಮ ಪೋಲಿಷ್ ಹೆಸರುಗಳನ್ನು
ನಾಲಿಗೆ ಕಚ್ಚಿಕೊಂಡಾದರೂ ಪೂರ್ತಿ ಹೇಳುತ್ತಿದ್ದ.
ಒಂದು ಜನವರಿಯ ಬೆಳಗು
(ಜನವರಿಯಲ್ಲಿ ಬೆಳಗು ಎನ್ನುವುದು ಬರೀ ಗಡಿಯಾರದ ಮಾತು)
ಶೀತಕೋಣೆಯ ಮುಳ್ಳು ಐದರ ಮೇಲಿತ್ತು.
ಬೊಗುಮಿಲ ದಾಖಲೆ ಪುಸ್ತಕ ಬಿಚ್ಚಿದ್ದಳು.
ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಂಡ ಹಾಗೆ
ಅವಳ ಬೆರಳಿಂದ ಪೆನ್ನು ಮೆಲ್ಲಗೆ ಬಿಡಿಸಿಕೊಂಡು
ಅವನೇ ಬರೆದ: ಎರಡು.
ಕಣ್ಣು ಮಿಟುಕಿಸಿದ. "ಮಧ್ಯಾಹ್ನ ಹಡಗು."
ಅಷ್ಟೇ.

ಯಾರಿಗೂ ಯಾವ ಅಪ್ಪಣೆಯೂ ಆಗಲಿಲ್ಲ.
ಆದರೂ ಮರುದಿನದಿಂದ ನಮ್ಮ ಕೈಗಳಿಗೆ ಎರಡು ಬಂತು,
ನೆಗಡಿ ಬಂದ ಹಾಗೆ, ಒಬ್ಬರಿಂದ ಒಬ್ಬರಿಗೆ.
ಮುಳ್ಳು ಮೂರಿದ್ದರೂ ಎರಡು, ಆರಿದ್ದರೂ ಎರಡು,
ಮುಳ್ಳೇ ಮುರಿದು ಬಿದ್ದ ವಾರವೂ ಎರಡು.
ಚರ್ಮ ಸುಲಿಯುವ ಯಂತ್ರಕ್ಕೆ
ಮಾಲಿವಾನಳ ಬೆರಳ ತುದಿ ಸಿಕ್ಕ ರಾತ್ರಿ
ಅಪಘಾತ ಪುಸ್ತಕದಲ್ಲಿ ಏನೂ ಇಲ್ಲ.
ಅವಳೇ ಕೈಗವಸು ಏರಿಸಿಕೊಂಡು ನಕ್ಕಳು.
ಗವಸಿನ ಒಂದು ಬೆರಳು ನಿಧಾನ ಕೆಂಪೇರುತ್ತಿತ್ತು,
ನಾವು ಎಂಟು ಜನ ಮೀನು ನೋಡುತ್ತಿದ್ದೆವು.

ಊಟದ ಕೋಣೆಯಲ್ಲಿ ಅದೇ ತಮಾಷೆ:
ಸೂಪು ಹೇಗಿದೆ? ಎರಡು.
ಹೆಂಡತಿ ಬಿಟ್ಟುಹೋದಳಂತೆ? ಎರಡು.
ಸುವಾಲ್ಕಿಯಿಂದ ಅಕ್ಕ ಫೋನಿನಲ್ಲಿ ಹೇಗಿದ್ದೀಯೋ ಎಂದರೂ
ತುಟಿಯವರೆಗೆ ಬಂದು ನಿಲ್ಲುತ್ತಿತ್ತು.

ಈಗ ಹೊಟ್ಟೆಯ ಮಾತು.
ಅವನು ಕಲಿಸಿದ ಅಂದರೆ ಅರ್ಧ ಸತ್ಯ.
ತಲೆ ಒಂದೇ ಸಲ ವಾಲಿದ್ದು. ಮಿಕ್ಕಿದ್ದೆಲ್ಲ
ನಮ್ಮ ಹೊಟ್ಟೆಪಾಡು.

ರಾನ್‌ವೇಗ್ ಬಂದಾಗ ಭಾಷಣ ಮಾಡಲಿಲ್ಲ,
ಗೋಡೆಗೆ ಏನನ್ನೂ ಅಂಟಿಸಲಿಲ್ಲ.
ಅದೇ ನಮಗೆ ಅನುಮಾನ.
ಮೂರನೇ ವಾರದ ಗುರುವಾರ, ಪುಸ್ತಕದಲ್ಲಿ ಹೊಸ ಕೈಬರಹ:
"ನಾಲ್ಕೂವರೆ. ರಾತ್ರಿ ಚಿಲಕ ಹಾಕಲು ಮರೆತವಳು ನಾನು.
ಹನ್ನೊಂದು ಪೆಟ್ಟಿಗೆ ಎಸೆದಿದ್ದೇನೆ."
ಕೆಳಗೆ ಸಹಿ.
ಕಾಫಿ ಹೊತ್ತಿನಲ್ಲಿ ಬಿದ್ದು ಬಿದ್ದು ನಕ್ಕೆವು.
ರೇಕ್ಯಾವಿಕ್‌ನಿಂದ ಮಾಲೀಕರ ಫೋನು ಬಂತು.
ಗಾಜಿನಾಚೆ ಬೆನ್ನು ತಿರುಗಿಸಿ ನಿಂತಿದ್ದಳು,
ಕಿವಿ ಮಾತ್ರ ಕಾಣುತ್ತಿತ್ತು, ಬೇಯಿಸಿದ ಸೀಗಡಿಯ ಬಣ್ಣ.
ನಮ್ಮ ನಗು ಎಲ್ಲಿ ನಿಂತಿತೋ ತಿಳಿಯದು.

ಆದರೂ ಚಳಿಗಾಲವಿಡೀ ಎರಡನ್ನೇ ಬರೆದೆವು.
ಮಾರ್ಚಿನ ರಾತ್ರಿ ಪಾಳಿ, ನಾನೊಬ್ಬನೇ, ಮುಳ್ಳು ಮೂರು.
ಎರಡಕ್ಕೂ ಮೂರಕ್ಕೂ ಮೊದಲ ತಿರುವು ಒಂದೇ,
ಗಮನಿಸಿದ್ದೀರಾ?
ಪೆನ್ನು ಆ ತಿರುವಿನ ಕೊನೆಗೆ ಬಂದು ನಿಂತಿತು.
ಶೀತಯಂತ್ರ ಗುರುಗುಟ್ಟಿ ಸುಮ್ಮನಾಯಿತು, ಮತ್ತೆ ಗುರುಗುಟ್ಟಿತು.
ಆಮೇಲೆ ಕೈ ಇನ್ನೊಂದು ಸಲ ಬಾಗಿತು.

ಬೆಳಗ್ಗೆ ಅವಳು ಓದಿದಳು. ಹೊಗಳಲಿಲ್ಲ.
ರಿಪೇರಿಯವನಿಗೆ ಫೋನು ಮಾಡಿದಳು.

ಏಪ್ರಿಲಿನಲ್ಲಿ ಮಾಲಿವಾನ್
ಅಪಘಾತ ಪುಸ್ತಕ ಕೇಳಿ ಇಸಿದುಕೊಂಡು,
ಬೆರಳಿಗೆ ಇಲ್ಲಿನವರು ಏನೆನ್ನುತ್ತಾರೆಂದು ನನ್ನನ್ನೇ ವಿಚಾರಿಸಿ,
ಮೂರು ವರ್ಷ ಹಿಂದಿನ ತಾರೀಕು ಹಾಕಿದಳು.
ಸಾಕ್ಷಿಗಳು ಎಂಬಲ್ಲಿ ಎಂಟು ಹೆಸರು.
ನನ್ನದು ನಾಲ್ಕನೆಯದು. ಒಂದಕ್ಷರ ತಪ್ಪಿರಲಿಲ್ಲ.

ಮೊನ್ನೆ ಅಂಗಡಿಯಲ್ಲಿ ಸ್ಟೇನ್‌ಗ್ರಿಮುರ್ ಸಿಕ್ಕ,
ಮಂಡಿ ನೋವು, ಕೋಲು, ಅದೇ ಒಳ್ಳೆಯ ನಗು.
ನನ್ನ ಹೆಸರನ್ನು ಪೂರ್ತಿ ಹೇಳಿ ಕೇಳಿದ:
ಹೇಗಿದೆ ಅಲ್ಲಿ ಎಲ್ಲ?
ನಾನು ಯೋಚಿಸುವ ಮೊದಲೇ ನಾಲಿಗೆ ಅಂದುಬಿಟ್ಟಿತು:
ಎರಡು.
ಅವನು ಕೋಲನ್ನು
ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.