ಎಲ್ಲಿಗೂ ಜೋಡಿಸದ ತಂತಿ

ಇಂಡಿಪಂಪ್ ಹತ್ರ, ರೇಡಿಯೊ ರಿಪೇರಿ ಅಂಗಡಿ ಮ್ಯಾಲಿನ ಖೋಲಿ.
ಐತವಾರ ಹತ್ತಕ್ಕ ಕ್ಲಾಸು.
ಟೇಬಲ್ ಮ್ಯಾಲ ಒಂದು ಹಲಿಗಿ:
ಐದೈದ್ಲೆ ಇಪ್ಪತ್ತೈದು ಮನಿ,
ಮನಿಗೊಂದು ದೀಪ, ದೀಪದ ಬುಡಕ
ಅಯಸ್ಕಾಂತದ ವಾಸನಿ ಹಿಡಿಯೋ ಸಣ್ಣ ಕರೀ ಹುಳ.
ಕಾಯಿ ಅಂದ್ರ ಸೋಡಾ ಬಾಟ್ಲಿ ಮುಚ್ಚಳ.

ಕಲಿಸಾಕಿ ಫೈರೋಜಾ ನದಾಫ್, ಪಾಲಿಟೆಕ್ನಿಕ್ ಮೂರನೇ ವರ್ಷ.
ಕಲಿಯಾಂವ ನಾನು,
ಹುಬ್ಬಳ್ಳಿ–ನವಲಗುಂದ ರೂಟಿನ ಕಂಡಕ್ಟರ್,
ರಿಟೈರಾಗಿ ಎಂಟ ತಿಂಗಳು.
ಬಾಜೂಕ ಎಸ್ತೇರಮ್ಮ,
ಕಿಮ್ಸಿನ್ಯಾಗ ರಾತ್ರಿಪಾಳಿ ಮುಗಿಸಿ ಬಂದು
ಆಕಳಿಸ್ಕೋತ ಟೈಪ್ ಮಾಡ್ತಾರ.
ಆಚಿ ಕಡೆ ನಿಂಗರಾಜ, ಒಂಬತ್ತನೇ ಈಯತ್ತೆ,
ಅವಂಗ ಎಲ್ಲಾ ಗೊತ್ತು, ಸೆಮಿಕೋಲನ್ ಒಂದು ಬಿಟ್ಟು.

ಮೊದಲನೇ ಐತವಾರ ಒಂದ ದೀಪ.
ಹತ್ತು ಅಂದ್ರ ಹತ್ತಬೇಕು, ಆರು ಅಂದ್ರ ಆರಬೇಕು,
ಬರಕೊಳ್ರಿ ಕಾಕಾ, ಅಂದ್ಲು.
ನಾನು ಲೆಕ್ಕಾ ಅನ್ಕೊಂಡು
ಹದಿನಾರು ಅಂತ ಬರದಿದ್ದೆ.

ಎರಡನೇ ಐತವಾರ ಸೊನ್ನಿ.
ಇಲ್ಲಿ ಮೊದಲನೇ ಮನಿಗೆ ಒಂದು ಅನ್ನೂದಿಲ್ಲಂತ.
ಮೂರ ಸಲ ತಪ್ಪಿದೆ, ನನ್ನ ಕಾಯಿ ಹಲಿಗಿ ದಾಟಿ
ಇಲ್ಲದ ಮನಿಯೊಳಗ ಹೋಗಿ ಕೂತು ತಿರುಗಿ ಬರಲಿಲ್ಲ.
ಆಮ್ಯಾಲ ನೆಪ್ಪಾತು:
ಬಸ್ಸಿನ್ಯಾಗ ತಲಿ ಎಣಿಸುವಾಗ
ಡ್ರೈವರನ್ನ ಎಣಿಸ್ತಿದ್ದಿಲ್ಲ ನಾನು.
ಅಂವ ಸೊನ್ನಿ. ಅಂವಿಲ್ಲದ ಬಸ್ ಹೋಗೂದಿಲ್ಲ.
ಮತ್ತ ತಪ್ಪಲಿಲ್ಲ.

ಚಕ್ಕಾ ಆಟ ಬರೀಲಿಕ್ಕ ಆರು ವಾರ ಹಿಡೀತು.
ಕಾಯಿ ಮುಂದ ಹೋಗೂದಕ್ಕ ರೈಟ್ ಅಂತ,
ನಿಲ್ಲೂದಕ್ಕ ಹೋಲ್ಡಾನ್ ಅಂತ ಹೆಸರಿಟ್ಟೆ.
ನಡೀತೈತೇನವಾ? ಅಂದೆ.
ನೀವು ಕರದಿದ್ದಕ್ಕ ಅದು ಓ ಅಂತೈತಿ, ಅಂದ್ಲು.

ಚಾ ತರೋ ಕಾಶವ್ವ ಎರಡು ಐತವಾರ
ಗೋಡಿಗಿ ಆತು ನೋಡಿದ್ಲು. ಮೂರನೇದಕ್ಕ ಕೂತ್ಲು.
ಸೋತೆ. ಮತ್ತ ಸೋತೆ.
ಗುಂಡಿ ಒತ್ತೋಕಿಂತ ಮೊದಲ ಆಕಿ ಹೇಳಾಕ ಹತ್ತಿದ್ಲು:
ಈಗ ಮೂರು. ಈಗ ಎಂಟು. ಈಗ ಒಂದು ಬೀಳ್ತೈತಿ ನೋಡ್ರಿ.
ಬಿತ್ತು.
ಸ್ವಿಚ್ ತಗದು ಹಾಕಿದಾಗೊಮ್ಮೆ
ನಿಮ್ಮ ಕವಡಿ ಅದ ಅದನ್ನ ಒದರ್ತಾವು.
ಇವು ಕವಡಿ ಅಲ್ರೀ, ಮಗ್ಗಿ.

ಬೀಜ ಹಾಕಿಲ್ಲ ಕಾಕಾ, ಅಂತ ಫೈರೋಜಾ ಹಣಿ ಬಡ್ಕೊಂಡ್ಲು.
ಯಂತ್ರಕ್ಕ ತಾನಾಗಿ ಏನೂ ಹೊಳೆಯೂದಿಲ್ಲ,
ದಿನಾ ಒಂದ ಬೀಜ ಹಾಕಿದ್ರ ದಿನಾ ಅದ ಬೆಳಿ.
ಬೀಜ ಎಲ್ಲಿಂದ ತರೂದು?
ಕಾಕಾನ ಬ್ಯಾಡ್ಜ್ ನಂಬರ್ ಹಾಕ್ರಿ, ನಿಂಗರಾಜ ಅಂದ.
ಅದೂ ದಿನಾ ಒಂದ ಅಲ್ಲೇನೋ, ಎಸ್ತೇರಮ್ಮ ಅಂದ್ರು, ಕಣ್ಣು ಮುಚ್ಕೊಂಡ.

ಫೈರೋಜಾ ಗೇಣುದ್ದ ಕೆಂಪು ತಂತಿ ತಗೊಂಡು
ಒಂದು ತುದಿ ಹಲಿಗಿಗೆ ಚುಚ್ಚಿದ್ಲು,
ಇನ್ನೊಂದನ್ನ ಹಂಗ ಬಿಟ್ಲು.
ಇದು ಎಲ್ಲಿಗೆ ಹೋಗ್ತೈತವಾ?
ಎಲ್ಲಿಗೂ ಇಲ್ಲ. ಕೇಳಿಸ್ಕೊಳ್ತೈತಿ.

ಟ್ಯೂಬ್‌ಲೈಟಿನ ಗುಂಯ್,
ಕೆಳಗ ಬಿಚ್ಚಿಟ್ಟ ಯಾರದೋ ರೇಡಿಯೊ,
ಓಣಿ ತುದಿಯ ಹಿಟ್ಟಿನ ಗಿರಣಿ,
ನಮ್ಮ ಕೈಯೊಳಗ ಅದೇನ ಹರೀತದೋ ಅದು.
ಪರದೆ ಮ್ಯಾಲ ಅಂಕಿ: ನಾಲ್ಕುನೂರಾ ಹನ್ನೆರಡು.
ಮುನ್ನೂರಾ ಎಂಬತ್ತೇಳು. ಐನೂರಾ ಮೂವತ್ತು.

ಅದ ರೂಟು, ಅದ ನಿಲ್ದಾಣ, ಮೂವತ್ತೊಂದು ವರ್ಷ.
ಮುಂದ ಕೈ ಎತ್ತೋರು ಯಾರಂತ
ಒಂದು ದಿನಾನೂ ಮೊದಲ ಗೊತ್ತಿದ್ದಿಲ್ಲ ನನಗ.

ಕಾಶವ್ವ ಹಾಯ್ದು ಬಂದ್ಲು. ಈಗ ಎರಡು, ಅಂದ್ಲು.
ಎಂಟು ಬಿತ್ತು, ಆಕಿ ಕಾಯಿ ಕಡೀತು.
ತಂತಿ ಹತ್ರ ಬೆರಳು ತಂದು, ಮುಟ್ಟದ,
ಹಿಂದಕ ತಗೊಂಡ್ಲು.
ಹಚ್ರಿ ಇನ್ನೊಂದು ಆಟ.

ನಾಲ್ಕು ಕಪ್ ಚಾ ಆರಿತು.
ದೀಪ ಹತ್ತಿದ್ವು.